ಲಿಂಗಧಾರಣೆಯೂ ಲಿಂಗಪತ್ತೆಯೂ

ವೀರಶೈವ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳು ನಡೆಯುವಾಗ ಗರ್ಭಸ್ಥ ಶಿಶುವಿಗೆ ಗುರುವಿನಿಂದ ಲಿಂಗಧಾರಣೆ ಮಾಡಿಸುವ ಸಂಸ್ಕಾರವೊಂದುಂಟು. ಶಿಶುವಿನ ಲಿಂಗವನ್ನು ತಾಯಿಯೇ ಧರಿಸಿದ್ದು, ಹೆರಿಗೆಯಾದ ಮೇಲೆ ಅದನ್ನು ಕೂಸಿಗೆ ಕಟ್ಟುವುದು ರೂಢಿ. ಸೀಮಂತದ ಸಡಗರ ಹೆಚ್ಚಿದಂತೆ ಈ ಸಂಸ್ಕಾರವು ಅನೇಕ ಮನೆಗಳಲ್ಲಿ ಮರೆಯಾಗುತ್ತಿರುವುದು ವಿಷಾದದ ಸಂಗತಿ, ಅದಿರಲಿ. ಗುರುವು ಆಗ ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಇನ್ನೂ ಮುಖ ಕಾಣದ ಜೀವವನ್ನು ಶಿವಭಕ್ತರ ಸಾಲಿಗೆ ಸೇರಿಸಿ ಹರಸಿ ಹೋಗುತ್ತಾನೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಅದೇ ಗರ್ಭದ ಮೇಲೆ ಇಂದು ಬೇರೊಂದು ಅರ್ಥದ 'ಲಿಂಗ'ವನ್ನು ಹುಡುಕುವ ವ್ಯಾಪಾರ ನಡೆದಿದೆ. ೨೦೨೩ರ ಕೊನೆಯಲ್ಲಿ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಭ್ರೂಣದ ಲಿಂಗವನ್ನು ತಿಳಿಸುತ್ತಿದ್ದ ಜಾಲವೊಂದು ಬೆಂಗಳೂರಿನ ಪೊಲೀಸರ ಕೈಗೆ ಸಿಕ್ಕಿತು. ಹೆಣ್ಣೆಂದು ಗೊತ್ತಾದ ಗರ್ಭಗಳನ್ನು ಬೇರೆಡೆ ತೆಗೆಸಲಾಗುತ್ತಿತ್ತೆಂದೂ, ಕೆಲವೇ ವರ್ಷಗಳಲ್ಲಿ ಅಂತಹವು ಸುಮಾರು ೯೦೦ ಆಗಿದ್ದವೆಂದೂ ಪೊಲೀಸರು ಹೇಳಿದರು. ದಾರಿಹೋಕನಿಗೂ ಬಿಸಿಬೆಲ್ಲವನ್ನು ಕೊಟ್ಟು ಕಳುಹಿಸುವ ಸ್ಥಳವೆಂದು ಹೆಸರಾದದ್ದು ಆಲೆಮನೆ! ಅದಕ್ಕೂ ಹಿಂದಿನ ವರ್ಷದ ಜೂನ್ ತಿಂಗಳಿನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಬಾಟಲಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ದೊರೆತಿದ್ದವು.

ಕಾನೂನಿಲ್ಲವೆಂದು ಹೇಳುವಂತಿಲ್ಲ. ೧೯೯೪ರಲ್ಲಿ ಅಂಗೀಕೃತವಾಗಿ ೧೯೯೬ರಿಂದ ಜಾರಿಗೆ ಬಂದ ಲಿಂಗಪತ್ತೆ ನಿಷೇಧದ ಕಾಯಿದೆಯು ೨೦೦೩ರಲ್ಲಿ ಇನ್ನಷ್ಟು ಬಿಗಿಯಾಯಿತು. ಪ್ರತಿಯೊಂದು ಸ್ಕ್ಯಾನಿಂಗ್ ಕೇಂದ್ರವೂ ನೋಂದಣಿಯಾಗಿರಬೇಕು. ಪ್ರತಿ ಗರ್ಭಿಣಿಯ ವಿವರವನ್ನೂ ಪರೀಕ್ಷೆಯ ಕಾರಣವನ್ನೂ 'ನಮೂನೆ ಎಫ್' ಎಂಬ ಪತ್ರದಲ್ಲಿ ಬರೆದಿಡಬೇಕು. ಶಿಶುವಿನ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಕೂಡದು. ಬರವಣಿಗೆಯ ಲೋಪಗಳನ್ನು ಅಪರಾಧವೆಂದು ಎಣಿಸಬಾರದೆಂದು ವೈದ್ಯರ ಒಕ್ಕೂಟವೊಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಾಗ, ನ್ಯಾಯಾಲಯವು ೨೦೧೯ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಅದು ಉಚಿತವೇ ಸರಿ. ಚಿಕಿತ್ಸೆಯ ಸಾಧನವೂ ಹತ್ಯೆಯ ಸಾಧನವೂ ಒಂದೇ ಯಂತ್ರವಾಗಿರುವಲ್ಲಿ ಅವೆರಡನ್ನು ಬೇರ್ಪಡಿಸತಕ್ಕದ್ದು ಆ ಒಂದು ಹಾಳೆಯೇ. ಆದರೆ ಆಲೆಮನೆಯಲ್ಲಿ ಯಾವ ನಮೂನೆಯನ್ನು ಯಾರು ತುಂಬುವರು?

ಇದರ ಪಕ್ಕದಲ್ಲಿಯೇ ಇನ್ನೊಂದು ಕಾಯಿದೆಯಿದೆ. ೧೯೭೧ರ ವೈದ್ಯಕೀಯ ಗರ್ಭಪಾತದ ಕಾಯಿದೆಯು, ೨೦೨೧ರ ತಿದ್ದುಪಡಿಯ ತರುವಾಯ, ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯನ ಅಭಿಪ್ರಾಯದ ಮೇಲೂ, ಕೆಲವು ವರ್ಗದ ಸ್ತ್ರೀಯರಿಗೆ ಇಪ್ಪತ್ತನಾಲ್ಕು ವಾರಗಳವರೆಗೆ ಇಬ್ಬರ ಅಭಿಪ್ರಾಯದ ಮೇಲೂ ಗರ್ಭವನ್ನು ತೆಗೆಯಲು ಅವಕಾಶವೀಯುತ್ತದೆ. ಎರಡನ್ನೂ ಒಟ್ಟಿಗೆ ಓದಿದವನಿಗೆ ಪ್ರಶ್ನೆಯೊಂದು ಏಳದಿರದು. ಹೆಣ್ಣೆಂಬ ಕಾರಣಕ್ಕೆ ಗರ್ಭವನ್ನು ತೆಗೆದಾಗ ಅನ್ಯಾಯವಾದುದು ಯಾರಿಗೆ? ಗರ್ಭದಲ್ಲಿದ್ದುದು ಯಾರೂ ಅಲ್ಲವೆಂದಾದರೆ ಅನ್ಯಾಯಕ್ಕೊಳಗಾದವರೇ ಇಲ್ಲವಷ್ಟೆ. ಅನ್ಯಾಯವು ಸಮಸ್ತ ಸ್ತ್ರೀಕುಲಕ್ಕೆ ಎಂದು ಕೆಲವರು ಉತ್ತರಿಸುವರು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ದೇಶದಲ್ಲಿ ೧೯೬೧ರಲ್ಲಿ ೯೭೬ ಇದ್ದದ್ದು ೨೦೦೧ಕ್ಕೆ ೯೨೭ಕ್ಕೆ ಇಳಿದಿರುವುದನ್ನು ಅವರು ಎತ್ತಿ ತೋರಿಸುವರು. ಈ ಮಾತಿನಲ್ಲಿ ಸತ್ಯವಿದೆ, ಪೂರ್ಣಸತ್ಯವಿಲ್ಲ. ಕೇಡು ಸಂಖ್ಯೆಯದೊಂದೇ ಆಗಿದ್ದರೆ, ಹೆಣ್ಣುಮಕ್ಕಳೇ ಹೆಚ್ಚಾಗಿರುವ ಊರೊಂದರಲ್ಲಿ ಈ ಕೃತ್ಯವು ನಿರ್ದೋಷವಾಗಬೇಕಿತ್ತು. ಹಾಗೆಂದು ಯಾರೂ ಹೇಳರು. ಮೂಡಲಗಿಯ ಸುದ್ದಿಯನ್ನು ಕೇಳಿದವನ ಎದೆ ನಡುಗುವುದು ಏಳರಲ್ಲಿ ಹೆಣ್ಣೆಷ್ಟು ಗಂಡೆಷ್ಟು ಎಂದು ಎಣಿಸಿದ ಮೇಲಲ್ಲ. ಹೆಣ್ಣು ಗಂಡೆಂಬ ಭೇದವು ದೇಹಕ್ಕೆ ಸೇರಿದ್ದು, ಆತ್ಮಕ್ಕಲ್ಲ ಎಂಬುದು ಜೇಡರ ದಾಸಿಮಯ್ಯನೇ ಮೊದಲಾದ ಶರಣರ ನಿಲುವು. ಭೇದವೇ ಇಲ್ಲದ ಆ ಚೈತನ್ಯವನ್ನು ಭೇದದ ಕಾರಣಕ್ಕೆ ಕೊಲ್ಲುವುದು ಪಾಪವಾದರೆ, ಅನ್ಯ ಕಾರಣಕ್ಕೆ ಕೊಲ್ಲುವುದು ಹೇಗೆ ಪಾಪವಲ್ಲದಾಗುವುದು?

ಲಿಂಗಧಾರಣೆ ಎಂಟನೆಯ ತಿಂಗಳಿನಲ್ಲಾದ್ದರಿಂದ ಅದಕ್ಕೆ ಮುಂಚೆ ಜೀವವಿಲ್ಲವೇ ಎಂದು ಕೇಳುವವರುಂಟು. ನಾಮಕರಣದ ದಿನ ಹೆಸರು ಬರುತ್ತದೆ. ಮಗುವಾದರೋ ಮೊದಲೇ ತೊಟ್ಟಿಲಿನಲ್ಲಿರುತ್ತದೆ.

ತಾಯಿಯ ಪ್ರಾಣಕ್ಕೇ ಸಂಚಕಾರ ಬಂದಾಗ ಅವಳನ್ನು ಉಳಿಸಬೇಕೆಂಬುದರಲ್ಲಿ ವಿವಾದವಿಲ್ಲ. ೧೯೭೧ಕ್ಕೆ ಮುನ್ನ ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಸತ್ತ ಹೆಂಗಸರ ಸಂಕಟವೇ ಆ ಕಾಯಿದೆಯನ್ನು ತರಿಸಿತೆಂಬುದನ್ನೂ ಮರೆಯಲಾಗದು. ಆ ಹೆಂಗಸರನ್ನು ಹಳಿಯುವವನು ಶರಣಧರ್ಮವನ್ನು ತಿಳಿದವನಲ್ಲ. ಲಿಂಗಪತ್ತೆಯ ಕಾಯಿದೆಯೂ ಗರ್ಭಿಣಿಯನ್ನು ಗಂಡನೋ ಬಂಧುಗಳೋ ಬಲವಂತಪಡಿಸಿದರೆಂದೇ ಮೊದಲಿಗೆ ಭಾವಿಸುತ್ತದೆ. ಮನೆಗಳ ಒಳಗನ್ನು ಬಲ್ಲವರು ಬರೆದ ಮಾತದು.

ಶಿಶುವಿನಲ್ಲಿ ಗಣನೀಯವಾದ ಊನವಿದೆಯೆಂದು ವೈದ್ಯಮಂಡಳಿ ಹೇಳಿದರೆ ವಾರಗಳ ಮಿತಿಯೇ ಇಲ್ಲವೆಂಬುದು ಇನ್ನೂ ಕಠಿನವಾದ ಪ್ರಶ್ನೆ. ಹುಟ್ಟಿದೊಡನೆ ಉಸಿರು ನಿಲ್ಲಲಿರುವ ಕೂಸಿನ ತಾಯಿಯ ದುಃಖಕ್ಕೆ ಉಪದೇಶದಿಂದ ಉತ್ತರವಿಲ್ಲ. ಆದರೆ ಊನದ ಅಳತೆಯನ್ನು ಮಾಡುವಾಗ ಕೈ ನಡುಗಬೇಕು. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಅಂಧ ಮಕ್ಕಳಿಗೆ ಸಂಗೀತವನ್ನೂ ಅನ್ನವನ್ನೂ ನೀಡಿದ ಗದುಗಿನ ಆಶ್ರಮವನ್ನು ಕಟ್ಟಿದರು.

೨೦೨೩ರ ಅಕ್ಟೋಬರಿನಲ್ಲಿ, ಎರಡು ಮಕ್ಕಳ ತಾಯಿಯೊಬ್ಬಳು ಬಾಣಂತಿತನದ ಮನೋವ್ಯಾಧಿಯಿಂದ ಬಳಲುತ್ತ, ಇಪ್ಪತ್ತಾರು ವಾರಗಳ ಗರ್ಭವನ್ನು ತೆಗೆಸಲು ಸರ್ವೋಚ್ಚ ನ್ಯಾಯಾಲಯದ ಅನುಮತಿಯನ್ನು ಬೇಡಿದಳು. ಮೊದಲು ಅನುಮತಿ ದೊರೆಯಿತು. ಶಿಶುವು ಬದುಕಬಲ್ಲದೆಂದು ವೈದ್ಯರು ತಿಳಿಸಿದ ಮೇಲೆ ಇಬ್ಬರು ನ್ಯಾಯಾಧೀಶರಲ್ಲಿ ಭಿನ್ನಾಭಿಪ್ರಾಯವುಂಟಾಗಿ, ಕೊನೆಗೆ ಮೂವರ ಪೀಠವು ನಿರಾಕರಿಸಿತು. ಹೆರಿಗೆಯ ವೆಚ್ಚವು ಸರ್ಕಾರದ್ದೆಂದೂ, ಮಗುವನ್ನು ದತ್ತು ಕೊಡುವುದು ಬಿಡುವುದು ತಂದೆತಾಯಿಗಳ ಇಚ್ಛೆಯೆಂದೂ ಪೀಠವು ಹೇಳಿತು. ಬೇಡವೆಂದವರು ಭಾರವನ್ನು ಹೊರಲು ಮುಂದಾದದ್ದು ಈ ತೀರ್ಪಿನ ವಿಶೇಷ. ಸಾಕಲಾರದ ತಂದೆತಾಯಿಗಳು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದೆಂದೂ, ಮನಸ್ಸು ಬದಲಾದರೆ ಮರಳಿ ಪಡೆಯಲು ಎರಡು ತಿಂಗಳ ಅವಧಿಯುಂಟೆಂದೂ ೨೦೧೫ರ ಬಾಲನ್ಯಾಯ ಕಾಯಿದೆಯು ಹೇಳುತ್ತದೆ. ಆಲೆಮನೆಯ ದಾರಿಯನ್ನು ತೋರಿಸುವ ದಲ್ಲಾಳಿಗಳು ಹಳ್ಳಿಯ ಬಾಗಿಲವರೆಗೂ ಬರುತ್ತಾರೆ. ಈ ಸಮಿತಿಯ ದಾರಿಯನ್ನು ತೋರಿಸಲು ಮಠದ ಅಂಗಳದಿಂದ ಇನ್ನೂ ಯಾರೂ ಹೊರಟಂತಿಲ್ಲ.