ಎಣ್ಣೆ ಹಚ್ಚುವದು ಅವಿಶ್ವಾಸವೋ?

ಚಳಿಗಾಲ ಕಳೆದು ಬೇಸಿಗೆ ತಲೆದೋರುವಾಗ ನಮ್ಮ ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಮಂಗನ ಕಾಯಿಲೆಯ ಭಯವು ಹುಟ್ಟುವದಷ್ಟೆ. ದೇವರಲ್ಲಿ ಭರವಸವಿಟ್ಟವನು ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವದು ಅವಿಶ್ವಾಸವಲ್ಲವೇ ಎಂದು ಕೆಲವರು ಕೇಳುತ್ತಾರೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನರೂ ಜ್ವರದಿಂದ ಮಲಗಿದರು. ಶಾಸ್ತ್ರಜ್ಞರು ಶೋಧಿಸಿ, ಈ ರೋಗವು ಉಣುಗಿನ ಕಡಿತದಿಂದ ಹರಡುವದೆಂದು ಕಂಡುಕೊಂಡರು. ಆ ಬುದ್ಧಿಯನ್ನು ಕೊಟ್ಟವನಾರು? ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಅತ್ತು ಪ್ರಾರ್ಥಿಸಿದನು. ದೇವರು ಅವನ ಮೊರೆಯನ್ನು ಕೇಳಿದನು. ಆದರೂ ಪ್ರವಾದಿಯಾದ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಉಂಡೆಯನ್ನು ಇಡಿಸಿದನು. ತಿಳಿದ ಉಪಾಯವನ್ನು ತಳ್ಳಿ ಅದ್ಭುತವನ್ನು ಬೇಡುವದು ದೇವಾಲಯದ ಶಿಖರದಿಂದ ಧುಮುಕಿ ದೇವರನ್ನು ಪರೀಕ್ಷಿಸುವದಕ್ಕೆ ಸಮಾನವು.

ಆದರೆ ಶಾಸ್ತ್ರವೊಂದೇ ಸಾಕೆಂದು ಗರ್ವಪಡಲೂ ಆಗದು. ಈ ರೋಗಾಣುವನ್ನು ನೇರವಾಗಿ ಕೊಲ್ಲುವ ಔಷಧವು ಇನ್ನೂ ದೊರೆತಿಲ್ಲ. ವೈದ್ಯರು ರೋಗಿಯ ಬಲವನ್ನು ಕಾಯುವರು. 2019ರಲ್ಲಿ ಸಾಗರದ ಅರಳಗೋಡು ಸುತ್ತಿನ ಎಷ್ಟೋ ಮನೆಗಳು ದುಃಖದಲ್ಲಿ ಮುಳುಗಿದವು. ಅಂಥ ರಾತ್ರಿಯಲ್ಲಿ ಹಾಸಿಗೆಯ ಬಳಿ ಕೂತವರಿಗೆ ಬೇಕಾದ ನಿರೀಕ್ಷೆಯನ್ನು ಯಾವ ಶಾಸ್ತ್ರವೂ ಕೊಡಲಾರದು.

ಆದದರಿಂದ ಮೊಣಕಾಲೂರಿ ಪ್ರಾರ್ಥಿಸಿರಿ. ಎದ್ದು ಎಣ್ಣೆ ಹಚ್ಚಿಕೊಳ್ಳಿರಿ. ಜ್ವರ ಬಂದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿರಿ. ಅದರಿಂದ ಉದುರಿದ ಉಣುಗು ನಿಮ್ಮ ನೆರೆಯವನನ್ನು ಕಚ್ಚೀತು. ನೆರೆಯವನನ್ನು ಪ್ರೀತಿಸುವದೂ ವಿಶ್ವಾಸದ ಫಲವೇ ಅಲ್ಲವೇ?