ಹೊತ್ತು ಹೋಗದವರು

ಚಿಕ್ಕ ವಯಸ್ಸಿಗೇ ನಿವೃತ್ತರಾದವರನ್ನು ಕಂಡರೆ ನಮ್ಮ ಜನಕ್ಕೆ ಮೊದಲು ಹೊಟ್ಟೆಕಿಚ್ಚು, ಆಮೇಲೆ ಅನುಮಾನ. 'ಪುಣ್ಯವಂತರು ಬಿಡಿ' ಅಂದವರೇ ಮರುಗಳಿಗೆಗೆ 'ಮತ್ತೆ, ಈಗ ಏನ್ ಮಾಡ್ಕೊಂಡಿದೀರಿ?' ಅಂತ ಕೇಳುತ್ತಾರೆ. ಊರಲ್ಲಾದರೆ ತೋಟ ನೋಡ್ಕೊಂಡಿದೀನಿ ಅಂತ ಹೇಳಿ ಪಾರಾಗಬಹುದು. ದೆಹಲಿಯ ಮುಖರ್ಜಿ ನಗರದಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ, ತೋಟ ಎಲ್ಲಿಂದ ತರೋದು?

ವಾಯುಪಡೆಯಲ್ಲಿ ಏರ್‌ಮನ್ ಆಗಿ ಸೇರಿದವರ ಸೇವೆ ನಮ್ಮ ಕಾಲಕ್ಕೆ ಮೊದಲಿಗೆ ೨೦ ವರ್ಷದ ಕರಾರಾಗಿತ್ತು. ೧೯ಕ್ಕೆ ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿಗೆ ನಿಂತ ನಾನು ೩೯ಕ್ಕೆ ಪಿಂಚಣಿ ಕಾಗದ ಹಿಡಿದು ಹೊರಗೆ ಬಂದೆ. ಹೆಂಡತಿಗೆ ನಾರ್ತ್ ಕ್ಯಾಂಪಸ್ಸಿನ ಒಂದು ಕಾಲೇಜಿನಲ್ಲಿ ಪಾಠ, ಆದ್ದರಿಂದ ಇಲ್ಲೇ ಬಿಡಾರ. ಬೆಳಿಗ್ಗೆ ಅವಳು ಹೊರಟು, ಮಗಳ ಸ್ಕೂಲ್ ವ್ಯಾನೂ ಹೋದ ಮೇಲೆ ಇಡೀ ದಿನ ನನ್ನ ಮುಂದೆ ಬಿದ್ದುಕೊಂಡಿರುತ್ತಿತ್ತು. ನಮ್ಮ ಭಾಷೆಯಲ್ಲಿ ಹೊತ್ತು ಅಂದರೆ ಸಮಯ. ತಲೆಯ ಮೇಲೆ ಹೊತ್ತು ನಡೆದರೆ ಅದು ಭಾರ. ಎರಡಕ್ಕೂ ನೆಂಟಸ್ತಿಕೆ ಇದೆಯೋ ಇಲ್ಲವೋ ಪಂಡಿತರಿಗೆ ಬಿಟ್ಟದ್ದು. ಕೆಲಸವಿಲ್ಲದವನ ಮಧ್ಯಾಹ್ನ ಮೂರು ಗಂಟೆಗೆ ಮಾತ್ರ ಎರಡೂ ಒಂದೇ.

ಬೇಸರ ಪಡುವುದಕ್ಕೆ ಇದಕ್ಕಿಂತ ತಪ್ಪು ಜಾಗ ಇನ್ನೊಂದಿಲ್ಲ. ಮುಖರ್ಜಿ ನಗರ ಅಂದರೆ ಯುಪಿಎಸ್‌ಸಿ, ಎಸ್‌ಎಸ್‌ಸಿ ಕೋಚಿಂಗಿನ ಊರು. ಬತ್ರಾ ಸಿನಿಮಾದಲ್ಲಿ ಸಿನಿಮಾ ನಿಂತು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಆಟೋದವರ ಬಾಯಲ್ಲಿ ಉಳಿದಿದೆ. ಅದರ ಸುತ್ತ ಗೋಡೆ ತುಂಬ ರ‍್ಯಾಂಕ್ ಬಂದವರ ಮುಖಗಳು, ಜೆರಾಕ್ಸ್ ಅಂಗಡಿಗಳಲ್ಲಿ ಆಳೆತ್ತರ ನೋಟ್ಸು, ತಿಂಗಳ ಲೆಕ್ಕದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ 'ಲೈಬ್ರರಿ'ಗಳು. ಅಲ್ಲಿ ಪುಸ್ತಕ ಇರೋದಿಲ್ಲ. ಕುರ್ಚಿ, ದೀಪ, ಒಂದು ಪ್ಲಗ್ ಪಾಯಿಂಟ್ ಅಷ್ಟೇ. ಇಪ್ಪತ್ತೈದರ ಹುಡುಗರು ಚಹಾ ಕುಡಿಯುವಾಗಲೂ ಕೈಯಲ್ಲಿ ಹಾಳೆ ಹಿಡಿದಿರುತ್ತಾರೆ. ಸ್ಕೂಲ್ ಎಂಬ ಮಾತಿನ ಬೇರು ಗ್ರೀಕರ 'ಸ್ಕೊಲೆ', ಅಂದರೆ ಬಿಡುವು. ಬಿಡುವಿದ್ದವನು ಕಲಿಯುತ್ತಾನೆ ಅಂತ ಅವರ ತಿಳಿವಳಿಕೆ. ಅರಿಸ್ಟಾಟಲನನ್ನು ಕರೆತಂದು ಈ ಗಲ್ಲಿಯಲ್ಲಿ ನಿಲ್ಲಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಆದರೆ ಈ ಗಲ್ಲಿಗಳಲ್ಲೂ ನಿವೃತ್ತರಿದ್ದಾರೆ. ಅವರನ್ನು ಗುರುತಿಸೋಕೆ ನನಗೆ ವರ್ಷ ಹಿಡಿಯಿತು. ಸಿವಿಲ್ ಸರ್ವೀಸ್ ಪರೀಕ್ಷೆಗೆ ಸಾಮಾನ್ಯ ವರ್ಗದವರು ೩೨ ವರ್ಷದೊಳಗೆ ಆರು ಸಲ ಕೂರಬಹುದು. ಒಬಿಸಿಯವರಿಗೆ ೩೫, ಒಂಬತ್ತು ಸಲ. ಆ ಲೆಕ್ಕ ಮುಗಿದ ದಿನ ಮನುಷ್ಯ ನಿವೃತ್ತ. ಕೆಲಸಕ್ಕೇ ಸೇರದೆ ನಿವೃತ್ತ. ಸೆಂಡಾಫ್ ಇಲ್ಲ, ಹಾರ ಇಲ್ಲ, ಪಿಂಚಣಿಯಂತೂ ಇಲ್ಲವೇ ಇಲ್ಲ.

ಹಾವೇರಿ ಕಡೆಯ ಹುಡುಗನೊಬ್ಬ ನನಗೆ ಪರಿಚಯವಾದದ್ದು ತರಕಾರಿ ಗಾಡಿಯ ಹತ್ತಿರ. ಹುಡುಗ ಅಂತ ನಾನು ಅನ್ನೋದು, ವಯಸ್ಸು ೩೫ ದಾಟಿದೆ. ಎರಡು ಸಲ ಸಂದರ್ಶನದವರೆಗೆ ಹೋಗಿ ಬಂದವನು. ಈಗ ಅಲ್ಲೇ ಒಂದು ಲೈಬ್ರರಿಯಲ್ಲಿ ರಾತ್ರಿ ಪಾಳಿ ನೋಡಿಕೊಳ್ಳುತ್ತಾನೆ. 'ಊರಿಗೆ ಹೋಗಬಾರದೇನಪ್ಪ?' ಅಂತ ಕೇಳಿದೆ. 'ಹೋಗಿ ಏನಂತ ಹೇಳ್ಲಿ ಸರ್? ಇಲ್ಲಿದ್ರ ಇನ್ನೂ ಓದಾಕತ್ಯಾನ ಅಂತಾರ. ಅಲ್ಲಿಗೆ ಹೋದ್ರ ಮುಗೀತು ಅಂತಾರ' ಅಂದ. ಪರದೇಶದಲ್ಲಿ ಇರುವುದಕ್ಕೆ ಇಂಥದೊಂದು ಕಾರಣವೂ ಇರಬಹುದು ಅಂತ ನಾನು ಯೋಚಿಸಿರಲಿಲ್ಲ. ದೂರ ಇದ್ದಷ್ಟು ದಿನ ನಾವು ಇನ್ನೂ ಏನೋ ಆಗುತ್ತಿರುವವರು.

ಗುರಿ ಬೇರೆ, ಬದುಕಿಗೊಂದು ಅರ್ಥ ಬೇರೆ ಅಂತ ಹೇಳುವುದು ಸುಲಭ. ಅವನಿಗೆ ಗುರಿ ಹತ್ತು ವರ್ಷ ಇತ್ತು, ಅರ್ಥವನ್ನು ಅದರೊಳಗೇ ಇಟ್ಟಿದ್ದ. ನನಗೂ ಹಾಗೇ, ಡ್ಯೂಟಿ ರೋಸ್ಟರ್ ಗೋಡೆಗೆ ಅಂಟಿಸುತ್ತಿದ್ದ ತನಕ ನನ್ನ ದಿನಕ್ಕೆ ಅರ್ಥ ಹುಡುಕುವ ಕೆಲಸ ನನ್ನದಾಗಿರಲಿಲ್ಲ. ೨೦೨೨ರಲ್ಲಿ ಬಂದ ಅಗ್ನಿಪಥದಲ್ಲಿ ಸೇವೆ ನಾಲ್ಕೇ ವರ್ಷ, ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನಿಗೆ ಮುಂದುವರಿಕೆ. ಉಳಿದ ಮೂವರು ಇಪ್ಪತ್ತರ ಹರೆಯದಲ್ಲೇ ಮಾಜಿಗಳು. ಅವರ ಕೈಗೆ ದುಡ್ಡು ಸಿಗುತ್ತದೆ, ಪಿಂಚಣಿ ಇಲ್ಲ. ನನ್ನ ಮಧ್ಯಾಹ್ನ ಮೂರು ಗಂಟೆ ಅವರಿಗೆ ಎಷ್ಟು ಬೇಗ ಬರುತ್ತದಲ್ಲ ಅಂತ ಕೆಲವೊಮ್ಮೆ ಎದೆ ಧಸಕ್ಕೆನ್ನುತ್ತದೆ.

ಇಂಥ ಮಾತು ಬಂದಾಗ ಯಾರಾದರೂ ವಿಶ್ವೇಶ್ವರಯ್ಯನವರ ಹೆಸರು ತೆಗೆದೇ ತೆಗೆಯುತ್ತಾರೆ. ನಿಜ, ಮುಂಬಯಿ ಸರ್ಕಾರದ ನೌಕರಿಯನ್ನು ಅವರು ೧೯೦೮ರಲ್ಲಿ ಬಿಟ್ಟಾಗ ಐವತ್ತು ತುಂಬಿರಲಿಲ್ಲ. ಆಮೇಲೆ ಮೂಸಿ ನದಿಯ ಪ್ರವಾಹ ಕಂಡ ಹೈದರಾಬಾದು, ೧೯೦೯ರಲ್ಲಿ ಮೈಸೂರು, ೧೯೧೨ರಲ್ಲಿ ದಿವಾನಗಿರಿ. ಆದರೆ ಅವರನ್ನು ನಿಜಾಮರು ಕರೆದರು, ಮಹಾರಾಜರು ಕರೆದರು. ನಮ್ಮಂಥವರನ್ನು ಕರೆಯುವುದು ಎಟಿಎಮ್ಮಿಗೆ ಕಾವಲುಗಾರರನ್ನು ಹುಡುಕುವ ಏಜೆನ್ಸಿಯವರು. ನನಗೆ ಹತ್ತಿರವಾಗುವುದು ಇಲ್ಲಿನ ಮುದುಕ ಮನೆ ಮಾಲೀಕರು. ಅವರ ಅಪ್ಪ ಅಮ್ಮ ೧೯೪೭ರಲ್ಲಿ ಆ ಕಡೆಯ ಪಂಜಾಬಿನಿಂದ ಬಂದು, ಪಕ್ಕದ ಕಿಂಗ್ಸ್‌ವೇ ಕ್ಯಾಂಪಿನಲ್ಲಿ ಡೇರೆ ಹಾಕಿದವರು. ನಲವತ್ತಕ್ಕೆ ಎಲ್ಲ ಕಳೆದುಕೊಂಡವರಿಗೆ ಬೇಸರ ಅಂದರೆ ಏನೆಂದು ಕೇಳಿದ್ದರೆ ನಗುತ್ತಿದ್ದರೇನೋ. ಬೇಸರಕ್ಕೆ ಮೊದಲು ಹೊಟ್ಟೆ ತುಂಬಿರಬೇಕು. ಮನುಷ್ಯ ನೋವಿಗೂ ಬೇಸರಕ್ಕೂ ನಡುವೆ ಲೋಲಕದಂತೆ ತೂಗಾಡುತ್ತಾನೆ ಎಂದ ಶೋಪೆನ್‌ಹಾವರ್‌ಗೂ ಅಪ್ಪನ ಆಸ್ತಿ ಇತ್ತು.

ಹಾಗಾದರೆ ಹೊಟ್ಟೆ ತುಂಬಿದವನ ಬೇಸರದ ಖರ್ಚನ್ನು ಯಾರು ಕೊಡಬೇಕು? ನನ್ನನ್ನು ಕಾಡಿದ ಪ್ರಶ್ನೆ ಇದು. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ ಹತ್ತು ಮಾಜಿ ಸೈನಿಕರಿಗೆ ಮೀಸಲು. ನಮ್ಮವರು ತುಂಬ ಜನ ಈ ದಾರಿಯಲ್ಲಿ ಎರಡನೇ ನೌಕರಿ ಹಿಡಿದಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಇಬ್ಬರು ಮಕ್ಕಳು, ಊರಲ್ಲಿ ಸಾಲ, ಸಾರ್ಜೆಂಟನ ಪಿಂಚಣಿಯಲ್ಲಿ ಸಂಸಾರ ತೂಗುವುದು ಆಟವಲ್ಲ. ಆದರೆ ನಮ್ಮ ಮನೆಗೆ ಹೆಂಡತಿಯ ಸಂಬಳ ಇದೆ. ನನಗೆ ಬೇಕಾಗಿದ್ದು ದುಡ್ಡಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಹೋಗೋಕೊಂದು ಜಾಗ. ಮೀಸಲು ಕೋಟಾ ತುಂಬದಿದ್ದರೆ ಆ ಹುದ್ದೆ ಮಾಜಿ ಸೈನಿಕನಲ್ಲದ ಇನ್ನೊಬ್ಬನಿಗೆ ಹೋಗುತ್ತದೆ. ಅಂದರೆ ನನ್ನ ಮನೆಯ ಕೆಳಗೆ ರಾತ್ರಿ ಎರಡಕ್ಕೂ ದೀಪ ಹಚ್ಚಿ ಕೂತವರಲ್ಲಿ ಯಾರೋ ಒಬ್ಬನಿಗೆ.

ಆಯ್ದಕ್ಕಿ ಮಾರಯ್ಯ ಒಂದು ದಿನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ವಾಡಿಕೆಗಿಂತ ಹೆಚ್ಚಾಗಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ತಿರುಗಿ ಕಳಿಸಿದಳಂತೆ. ಕಾಯಕದ ಬಗ್ಗೆ ಮಾತಾಡುವಾಗ ನಾವು ದುಡಿಯುವುದನ್ನಷ್ಟೇ ಹೇಳುತ್ತೇವೆ, ಸುರಿದು ಬರುವುದನ್ನು ಹೇಳುವುದಿಲ್ಲ. ಅಕ್ಕಿಗೆ ಸರಿ, ಕೆಲಸಕ್ಕೂ ಈ ಲೆಕ್ಕ ಅನ್ವಯಿಸುತ್ತದೆಯೆ? ಸಂಬಳ ಬೇಡದವನು ಕೆಲಸವನ್ನೂ ಬೇಡ ಅನ್ನಬೇಕೆ? ನನ್ನ ಗೆಳೆಯನೊಬ್ಬ 'ಅದು ನೀನು ಗಳಿಸಿದ ಹಕ್ಕು ಮಾರಾಯ' ಅನ್ನುತ್ತಾನೆ. ಹಕ್ಕು ಹೌದು. ಹಕ್ಕಿದ್ದದ್ದನ್ನೆಲ್ಲ ಎತ್ತಿಕೊಳ್ಳಲೇಬೇಕು ಅಂತ ಎಲ್ಲಿದೆ ಅನ್ನುವುದಷ್ಟೇ ನನ್ನ ತಕರಾರು.

ಈಗ ವಾರಕ್ಕೆ ಎರಡು ದಿನ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿಗೆ ಓದಿ ಹೇಳುತ್ತೇನೆ. ಭಾರೀ ಸೇವೆ ಅಂತ ಯಾರೂ ತಿಳಿಯುವುದು ಬೇಡ. ಮೊದಲ ದಿನವೇ ಅವನು, 'ಅಂಕಲ್, ನನ್ನ ಫೋನು ನಿಮಗಿಂತ ಮೂರು ಪಟ್ಟು ಜೋರಾಗಿ ಓದುತ್ತೆ' ಅಂತ ಹಿಂದಿಯಲ್ಲಿ ನಯವಾಗಿ ಹೇಳಿದ. ಅಚ್ಚಾದ ಪುಸ್ತಕಕ್ಕೆ ನಾನು ಬೇಡ. ಆದರೆ ಈ ಊರಿನ ಮುಖ್ಯ ಬೆಳೆ ಕೈಬರಹದ ನೋಟ್ಸು. ಜೆರಾಕ್ಸಿನ ಜೆರಾಕ್ಸು ತೆಗೆದ, ಬಾಣದ ಗುರುತು, ಅಂಚಿನ ಗೀಚು ತುಂಬಿದ ಆ ಹಾಳೆಗಳಲ್ಲಿ ಫೋನು ತಡವರಿಸುತ್ತದೆ. ಅಲ್ಲಿಗೆ ನನ್ನ ಅಗತ್ಯ. 'ಇದು ಅವನಿಗೋಸ್ಕರವೋ, ನಿನ್ನ ಹೊತ್ತು ಹೋಗೋಕೋ?' ಅಂತ ಹೆಂಡತಿ ಕೇಳಿದಳು. ಎರಡಕ್ಕೂ, ಅಂದೆ. ಹಾಳೆ ಸರಿಯಾಗಿ ಓದಿದರೆ ಸಾಕು, ನನ್ನ ಮನಸ್ಸಿನ ಲೆಕ್ಕ ಕಟ್ಟಿಕೊಂಡು ಅವನಿಗೇನಾಗಬೇಕು?

ಅದೂ ವಾರಕ್ಕೆ ನಾಲ್ಕು ಗಂಟೆ. ಉಳಿದದ್ದು ಹಾಗೇ ಇದೆ. ಹೋದ ಸಲ ನೌಕರಿಯ ಜಾಹೀರಾತು ಬಂದಾಗ ಗೆಳೆಯ ಎಲ್ಲ ವಿವರ ಕಳಿಸಿ, ಅರ್ಜಿ ಹಾಕು ಅಂತ ಮೂರು ಸಲ ಫೋನು ಮಾಡಿದ. ಹಾಕಲಿಲ್ಲ. ಕೊನೆಯ ದಿನಾಂಕ ಕಳೆದ ಮಧ್ಯಾಹ್ನ ಸಮಾಧಾನವಾಗುತ್ತದೆ ಅಂತ ಕಾದೆ, ಏನೂ ಆಗಲಿಲ್ಲ. ಎಂದಿನಂತೆ ಬೇಸರವೇ ಆಯಿತು. ಸಂಜೆ ಹಾವೇರಿಯವನು ಪಾಳಿಗೆ ಹೋಗುವ ದಾರಿಯಲ್ಲಿ ಬಂದ. ಊರಿಂದ ಖಾರದ ಪುಡಿ ಬಂದಿದೆ ಅಂತ ಒಂದು ಪೊಟ್ಟಣ ತಂದಿದ್ದ. ಚುರುಮುರಿ ಕಲಸಿ ಇಬ್ಬರೂ ತಿಂದೆವು. ಅರ್ಜಿಯ ವಿಷಯ ಅವನಿಗೆ ಹೇಳಲಿಲ್ಲ.