ಅವ್ವನ ರೊಟ್ಟಿ ಸಪ್ಪಳ

ವಿಜಯಪುರದ ನಮ್ಮ ಫ್ಲ್ಯಾಟಿನಲ್ಲಿ ಆಫೀಸ್ ಟೇಬಲ್ ಎಲ್ಲಿಡೋದು? ಪಡುವಣ ಕಿಟಕಿಗೆ ಏಪ್ರಿಲ್ ಬಿಸಿಲು, ಲ್ಯಾಪ್‌ಟಾಪ್ ಫ್ಯಾನ್ ಒದರತೈತಿ. ಉತ್ತರದ ಕಿಟಕಿ ಇರೋದು ಅವ್ವನ ಕೋಣೆಗೆ. ಟಿಕೋಟಾ ಕಡಿಂದ ಬಂದಾಕಿ, ನಾ ಕೇಳೋ ಮೊದಲೇ ಹಾಸಿಗೆ ಸುತ್ಕೊಂಡು ಹಾಲ್‌ಗೆ ಹೋದ್ಲು.

ಇನ್ವರ್ಟರ್, ಬೆನ್ನಿಗೆ ಛಲೋ ಕುರ್ಚಿ, ಎಲ್ಲಾ ಬಂತು. ಆದ್ರೂ ಮೀಟಿಂಗ್‌ನ್ಯಾಗ ಜೋಳದ ರೊಟ್ಟಿ ಬಡಿಯೋ ಸಪ್ಪಳ. "ಯವ್ವಾ, ಸ್ವಲ್ಪ ತಡೀಬೇ" ಅಂದೆ. ಮರುದಿನದಿಂದ ಆಕೆ ನಸುಕಿನ 5ಕ್ಕೇ ಎದ್ದು ಬಡಿಯತೊಡಗಿದಳು.

ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲಾದಾಗೇ ಐತಿ. ಕಾಯಕದಲ್ಲಿ ಮೇಲು-ಕೀಳಿಲ್ಲ ಅಂತ ಸಾಲಿಯಲ್ಲಿ ಉರು ಹೊಡೆದವ ನಾನು. ಪಗಾರ ಬರತೈತಿ ಅಂತ ನನ್ನದು ಕೆಲಸ, ಆಕೆಯದು ಬರೀ ಸಪ್ಪಳ ಹೆಂಗಾತು? ಮ್ಯೂಟ್ ಬಟನ್ ನನ್ನ ಬೆರಳಿನ ಕೆಳಗೇ ಇತ್ತಲ್ಲ!

ನಿನ್ನೆ ಟೇಬಲ್ ಹಾಲ್‌ಗೆ ತಂದೆ. ಅವ್ವ ನಕ್ಕಳು: "ಇನ್ನ ನಾ ಟಿವಿ ಎಲ್ಲಿ ನೋಡ್ಲೋ ತಮ್ಮಾ?"